ಪಾಯ ತೋಡುವ ಮೊದಲು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದರು ಹಿರಿಯರು. ಕೆರೆಯಿರಲಿ, ಕಣವಿರಲಿ, ಗೋದಾಮಿರಲಿ, ಕೆಲಸ ಮುಗಿಯುವಾಗ ಖರ್ಚು ಅಂದಾಜನ್ನು ಮೀರಿರುವುದು ಬೆಳೆಗಾರರಿಗೆ ಹೊಸತಲ್ಲ. ದೊಡ್ಡ ಸರ್ಕಾರಗಳಿಗೂ ಈ ಪಾಡು ತಪ್ಪಿದ್ದಲ್ಲ.

ಆಸ್ಟ್ರೇಲಿಯಾದ ಸಿಡ್ನಿ ಒಪೇರಾ ಹೌಸ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಸುಮಾರು 70 ಲಕ್ಷ ಆಸ್ಟ್ರೇಲಿಯಾ ಡಾಲರುಗಳಷ್ಟು ಖರ್ಚಿನಲ್ಲಿ 1963ಕ್ಕೆ ಮುಗಿಸುವ ಅಂದಾಜಿತ್ತು. 1959ರಲ್ಲಿ ಸರ್ಕಾರ ಅವಸರದಿಂದ ಕೆಲಸ ಆರಂಭಿಸಿತು. ಆಗ ಚಿಪ್ಪಿನಾಕಾರದ ಛಾವಣಿಯನ್ನು ಕಟ್ಟುವುದು ಹೇಗೆಂದೇ ತೀರ್ಮಾನವಾಗಿರಲಿಲ್ಲ. ಮೊದಲೇ ಎಬ್ಬಿಸಿದ ಕಂಬಗಳು ಛಾವಣಿಯ ಭಾರಕ್ಕೆ ಸಾಲದೆಹೋಗಿ, ಅವನ್ನು ಮತ್ತೆ ಕಟ್ಟಬೇಕಾಯಿತು. ಕಟ್ಟಡ ಉದ್ಘಾಟನೆಯಾದದ್ದು 1973ರಲ್ಲಿ. ಖರ್ಚು 10 ಕೋಟಿ 20 ಲಕ್ಷ ಡಾಲರು!

ಇಂಥ ಅನಾಹುತ ತಪ್ಪಿಸಲೆಂದೇ ಇಂಜಿನಿಯರುಗಳು ಕಾಮಗಾರಿಯನ್ನು ಹಂತಗಳಾಗಿ ವಿಂಗಡಿಸುತ್ತಾರೆ: ಅಗತ್ಯ, ಸಾಧ್ಯತೆ, ನಕ್ಷೆ ಮತ್ತು ಅಂದಾಜು ಪಟ್ಟಿ, ನಿರ್ಮಾಣ, ಕೊನೆಗೆ ಪರೀಕ್ಷೆ. ಪ್ರತಿ ಹಂತದ ಕೊನೆಯಲ್ಲೂ ನಿಂತು, ಮುಂದುವರಿಯುವುದೋ, ತಿದ್ದುವುದೋ, ಕೈಬಿಡುವುದೋ ಎಂದು ನಿರ್ಧರಿಸುವುದೇ ಇದರ ಮರ್ಮ.

ನಮ್ಮ ತೋಟದ ಕೆರೆಗೂ ಇದು ಅನ್ವಯಿಸುತ್ತದೆ. ಮೊದಲು ಅಗತ್ಯ. ಒಂದು ಎಕರೆ ಕಾಫಿಗೆ ಹೂವಿಗಾಗಿ ಒಂದು ಇಂಚು ನೀರು ಕೊಡಲು ಸುಮಾರು 1 ಲಕ್ಷ ಲೀಟರ್ ಬೇಕು. ಮೂರು ಎಕರೆಗೆ 3 ಲಕ್ಷ ಲೀಟರ್. ಅಂದರೆ 40 ಅಡಿ ಉದ್ದ, 30 ಅಡಿ ಅಗಲ, 9 ಅಡಿ ಆಳದ ನೇರ ಗೋಡೆಯ ಹೊಂಡದಷ್ಟು ನೀರು. ಬದಿಗಳನ್ನು ಇಳಿಜಾರಾಗಿ ತೆಗೆದರೆ ಮೇಲಿನ ಅಗಲ ಇನ್ನೂ ಹೆಚ್ಚಬೇಕು. ಇಂಗುವ, ಆವಿಯಾಗುವ ನೀರನ್ನೂ ಲೆಕ್ಕಕ್ಕೆ ಹಿಡಿಯತಕ್ಕದ್ದು.

ಎರಡನೆಯದು ಸಾಧ್ಯತೆ. ಒಂದು ಗುಂಡಿ ತೋಡಿ ನೀರು ತುಂಬಿಸಿ, ಮಣ್ಣು ನೀರು ಹಿಡಿಯುವುದೇ ನೋಡಿರಿ. ಅಲ್ಲಿ ನೀರು ನಿಲ್ಲದಿದ್ದರೆ ಜಾಗ ಬದಲಿಸಿರಿ. ನಷ್ಟ ಒಂದೆರಡು ಆಳಿನ ಕೂಲಿ ಮಾತ್ರ. ಆಮೇಲೆ ನಕ್ಷೆ. ಕೋಡಿ ಎತ್ತ ಹರಿಯಬೇಕು, ತೆಗೆದ ಮಣ್ಣು ಎಲ್ಲಿಗೆ ಹೋಗಬೇಕು ಎಂಬುದು ಯಂತ್ರ ಬರುವ ಮೊದಲೇ ಕಾಗದದ ಮೇಲಿರಲಿ. ಕೋಡಿಯಿಲ್ಲದ ಕೆರೆಯ ಏರಿ ಮೊದಲ ಜಡಿಮಳೆಗೇ ಒಡೆದು, ಕೆಳಗಿನ ಅಡಿಕೆ ತೋಟವನ್ನು ಕೊಚ್ಚಿಕೊಂಡು ಹೋದೀತು.

ಇವೆಲ್ಲ ಇತ್ಯರ್ಥವಾದ ಮೇಲೆಯೇ ಸಾಲದ ಅರ್ಜಿ ಹಾಕಿರಿ, ಮುಂಗಾರಿಗೆ ಮುಂಚೆ ಮುಗಿಯುವಂತೆ ದಿನ ಗೊತ್ತುಮಾಡಿರಿ. ಕಾಗದದ ಮೇಲಿನ ತಪ್ಪನ್ನು ರಬ್ಬರಿನಿಂದ ಅಳಿಸಬಹುದು. ನೆಲದ ಮೇಲಿನ ತಪ್ಪಿಗೆ ಬಡ್ಡಿ ಸಮೇತ ತೆರಬೇಕು.