ಮನೆಯಲ್ಲಿಯೇ ಮೋಟಾರ್ ಸೈಕಲ್ ನಿರ್ವಹಣೆ: ನೋಂದಣಿ ನವೀಕರಣಕ್ಕೆ ಅರ್ಜಿ ಸಲ್ಲಿಸುವವರ ಗಮನಕ್ಕೆ

ಮೋಟಾರು ವಾಹನಗಳ ಅಧಿನಿಯಮ, 1988ರ 41ನೇ ಪ್ರಕರಣದ ಮೇರೆಗೆ ಸ್ವಂತ ಬಳಕೆಯ ದ್ವಿಚಕ್ರ ವಾಹನದ ನೋಂದಣಿ ಪ್ರಮಾಣ ಪತ್ರವು 15 ವರ್ಷಗಳ ಅವಧಿಗೆ ಸಿಂಧುವಾಗಿರುತ್ತದೆ. ತದನಂತರ ಅದನ್ನು 5 ವರ್ಷಗಳಿಗೊಮ್ಮೆ ನವೀಕರಿಸಿಕೊಳ್ಳತಕ್ಕದ್ದು. ಅವಧಿ ಮುಕ್ತಾಯವಾಗುವ ದಿನಾಂಕಕ್ಕೆ ಹಿಂದಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸಿ, ವಾಹನವನ್ನು ಮೋಟಾರು ವಾಹನ ನಿರೀಕ್ಷಕರ ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ.

ತಪಾಸಣೆಯಲ್ಲಿ ವಾಹನವು ತಿರಸ್ಕೃತವಾಗಲು ಇಂಜಿನ್ನಿನಲ್ಲಿ ದೊಡ್ಡ ದೋಷವೇ ಇರಬೇಕೆಂದೇನಿಲ್ಲ. ಉರಿಯದ ಬ್ರೇಕ್ ದೀಪ, ಸದ್ದು ಮಾಡದ ಹಾರ್ನ್, ಸವೆದ ಟೈರು, ಓದಲಾಗದ ಚಾಸಿಸ್ ಸಂಖ್ಯೆ, ಇವುಗಳಲ್ಲಿ ಒಂದಿದ್ದರೂ ಸಾಕು. ಅರ್ಜಿದಾರರು ಕೆಲಸ ಬಿಟ್ಟು ಬಂದ ಒಂದು ದಿನ ವ್ಯರ್ಥವಾಗುತ್ತದೆ. ಮತ್ತೊಂದು ದಿನವೂ ಹೋಗುತ್ತದೆ. ಇವುಗಳಲ್ಲಿ ಬಹುಪಾಲು ಕೆಲಸಗಳನ್ನು ಮನೆಯ ಅಂಗಳದಲ್ಲಿಯೇ ಮಾಡಿಕೊಳ್ಳಬಹುದಾಗಿದೆ. ಮಾಲೀಕರು ತಮ್ಮ ವಾಹನವನ್ನು ತಾವೇ ನಿರ್ವಹಿಸಿಕೊಳ್ಳುವುದಕ್ಕೆ ಕಾನೂನಿನ ಅಡ್ಡಿ ಇರುವುದಿಲ್ಲ. ಆದರೆ ನಿರ್ವಹಣೆ ಬೇರೆ, ಮಾರ್ಪಾಡು ಬೇರೆ. ಈ ವ್ಯತ್ಯಾಸವನ್ನು ಮುಂದೆ ವಿವರಿಸಲಾಗಿದೆ.

ಸ್ಪ್ಯಾನರುಗಳು, ಪ್ಲಗ್ ಸ್ಪ್ಯಾನರ್, ತಿರುಪುಳಿ, ಗಾಳಿಯ ಒತ್ತಡ ನೋಡುವ ಮಾಪಕ ಮತ್ತು ಹಳೆಯ ಹತ್ತಿ ಬಟ್ಟೆ ಇದ್ದರೆ ಕೆಲಸ ಆರಂಭಿಸಬಹುದು. ಇವೆಲ್ಲಕ್ಕಿಂತ ಮುಖ್ಯವಾದುದು ವಾಹನದೊಂದಿಗೆ ಬಂದ ಮಾಲೀಕರ ಕೈಪಿಡಿ. ಈ ಲೇಖನದಲ್ಲಿನ ಅಳತೆಗೂ ಕೈಪಿಡಿಯ ಅಳತೆಗೂ ವ್ಯತ್ಯಾಸವಿದ್ದಲ್ಲಿ ಕೈಪಿಡಿಯದನ್ನೇ ಅನುಸರಿಸತಕ್ಕದ್ದು. ವಾರಂಟಿ ಅವಧಿಯಲ್ಲಿರುವ ವಾಹನಗಳಿಗೆ ತಯಾರಕರ ಷರತ್ತುಗಳು ಅನ್ವಯಿಸುವುದರಿಂದ ಅವುಗಳನ್ನು ಮೊದಲು ಓದಿಕೊಳ್ಳುವುದು ಸೂಕ್ತ.

ಚೈನು

ಮನೆಯ ನಿರ್ವಹಣೆಯಲ್ಲಿ ಅತಿ ಹೆಚ್ಚು ಅಪಾಯವಿರುವುದು ಅತಿ ಸುಲಭವೆಂದು ಕಾಣುವ ಈ ಕೆಲಸದಲ್ಲಿಯೇ. ವಾಹನವನ್ನು ನಡು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಗೇರ್ ಹಾಕಿ, ತಿರುಗುತ್ತಿರುವ ಚೈನಿಗೆ ಬಟ್ಟೆ ಹಿಡಿದು ಒರೆಸುವ ರೂಢಿ ಹಲವರಲ್ಲಿದೆ. ಬಟ್ಟೆಯ ಅಂಚು ಚೈನಿಗೂ ಹಿಂಬದಿಯ ಹಲ್ಲಿನ ಚಕ್ರಕ್ಕೂ ನಡುವೆ ಸಿಲುಕಿದರೆ ಅದರೊಡನೆ ಬೆರಳೂ ಹೋಗುತ್ತದೆ. ಕೈ ಹಿಂತೆಗೆದುಕೊಳ್ಳುವಷ್ಟು ಕಾಲಾವಕಾಶ ಸಿಗುವುದಿಲ್ಲ. ಆದ್ದರಿಂದ ಇಂಜಿನ್ ನಿಲ್ಲಿಸಿ, ಕೀಲಿಯನ್ನು ತೆಗೆದಿಟ್ಟು, ಗೇರನ್ನು ನ್ಯೂಟ್ರಲ್‌ನಲ್ಲಿರಿಸಿ, ಚಕ್ರವನ್ನು ಕೈಯಿಂದಲೇ ನಿಧಾನವಾಗಿ ತಿರುಗಿಸುತ್ತಾ ಚೈನನ್ನು ಸ್ವಚ್ಛಗೊಳಿಸಬೇಕು. ಮಕ್ಕಳು ಹತ್ತಿರ ಇರಬಾರದು. ಪೆಟ್ರೋಲಿನಿಂದ ತೊಳೆಯಬಾರದು, ಬೆಂಕಿಯ ಭಯವಲ್ಲದೆ, ಕೆಲವು ಚೈನುಗಳೊಳಗಿನ ರಬ್ಬರ್ ಉಂಗುರಗಳೂ ಅದರಿಂದ ಹಾಳಾಗುತ್ತವೆ.

ಚೈನಿನ ಕೆಳಭಾಗದ ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಸಾಮಾನ್ಯ 100 ರಿಂದ 125 ಸಿಸಿ ವಾಹನಗಳಲ್ಲಿ ಸುಮಾರು 20 ರಿಂದ 30 ಮಿಲಿಮೀಟರ್ ಸಡಿಲಿಕೆ ಇರಬೇಕು. ಚಕ್ರವನ್ನು ಪೂರ್ತಿ ಒಂದು ಸುತ್ತು ತಿರುಗಿಸಿ, ಚೈನು ಅತಿ ಬಿಗಿಯಾಗಿರುವ ಜಾಗದಲ್ಲಿ ಈ ಅಳತೆಯನ್ನು ನೋಡಬೇಕು. ಬಿಗಿ ಮಾಡುವಾಗ ಚಕ್ರದ ಎರಡೂ ಬದಿಯ ಗುರುತುಗಳು ಸಮನಾಗಿರದಿದ್ದಲ್ಲಿ ಚಕ್ರ ಓರೆಯಾಗಿ ನಿಲ್ಲುತ್ತದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಚೈನಿನ ಎಣ್ಣೆ ತೊಳೆದುಹೋಗುವುದರಿಂದ ಅಲ್ಲಿನ ಸವಾರರು ಹೆಚ್ಚು ಬಾರಿ ಎಣ್ಣೆ ಹಾಕಬೇಕಾಗುತ್ತದೆ.

ಗಾಳಿ ಶೋಧಕ, ಪ್ಲಗ್ ಮತ್ತು ಹೊಗೆ ತಪಾಸಣೆ

ಕಲಬುರಗಿ, ರಾಯಚೂರು ಮುಂತಾದ ಒಣ ಪ್ರದೇಶಗಳಲ್ಲಿ ಧೂಳಿನಿಂದ ಗಾಳಿ ಶೋಧಕ, ಅಂದರೆ ಏರ್ ಫಿಲ್ಟರ್, ಬೇಗ ಕಟ್ಟಿಕೊಳ್ಳುತ್ತದೆ. ಕಾರ್ಬುರೇಟರ್ ಇರುವ ವಾಹನದಲ್ಲಿ ಗಾಳಿ ಕಡಿಮೆಯಾದರೆ ಪೆಟ್ರೋಲಿನ ಪ್ರಮಾಣ ಹೆಚ್ಚಿದಂತಾಗಿ, ಅದು ಪೂರ್ಣವಾಗಿ ಉರಿಯದೆ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. 2000ನೇ ಇಸವಿಯ ಮಾರ್ಚ್ 31ರ ನಂತರ ತಯಾರಾದ, ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ದ್ವಿಚಕ್ರ ವಾಹನಗಳಿಗೆ ಇದರ ಮಿತಿ ಶೇಕಡ 3.5. ಹೊಗೆ ತಪಾಸಣೆಯಲ್ಲಿ ವಿಫಲವಾದ ವಾಹನವನ್ನು ನೇರವಾಗಿ ಕಾರ್ಬುರೇಟರ್ ರಿಪೇರಿಗೆ ಒಯ್ಯುವ ಮೊದಲು ಫಿಲ್ಟರನ್ನು ತೆರೆದು ನೋಡುವುದರಿಂದ ಖರ್ಚು ಉಳಿಯಬಹುದು. ಸ್ಪಂಜಿನ ಫಿಲ್ಟರನ್ನು ಕೈಪಿಡಿಯಲ್ಲಿ ಹೇಳಿದಂತೆ ತೊಳೆದು ಒಣಗಿಸಿ ಮತ್ತೆ ಬಳಸಬಹುದು. ಕಾಗದದ ಫಿಲ್ಟರನ್ನು ತೊಳೆಯಲಾಗದು, ಬದಲಾಯಿಸಬೇಕು.

ಪ್ಲಗ್ ತೆಗೆದು ನೋಡಿದರೆ ಇಂಜಿನ್ನಿನ ಸ್ಥಿತಿ ತಿಳಿಯುತ್ತದೆ. ತುದಿ ತಿಳಿ ಕಂದು ಬಣ್ಣವಿದ್ದರೆ ಸರಿ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ, ಬಿಳಿಚಿದ್ದರೆ ಗಾಳಿ ಹೆಚ್ಚು. ಎಣ್ಣೆಯ ಪಸೆ ಇದ್ದಲ್ಲಿ ಅದು ಮನೆಯ ಕೆಲಸವಲ್ಲ. ಅಂತೆಯೇ 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಭಾರತ್ ಸ್ಟೇಜ್ 6 ಮಾನದಂಡದ ವಾಹನಗಳಲ್ಲಿ ಪೆಟ್ರೋಲ್ ಪೂರೈಕೆಯನ್ನು ಸಂವೇದಕಗಳು ನಿಯಂತ್ರಿಸುವುದರಿಂದ, ಆ ಭಾಗಕ್ಕೆ ಮಾಲೀಕರು ಕೈ ಹಾಕದಿರುವುದು ಒಳಿತು. ಎಬಿಎಸ್ ಬ್ರೇಕಿನ ವಿಷಯದಲ್ಲಿಯೂ ಇದೇ ಮಾತು.

ಇಂಜಿನ್ ಆಯಿಲ್ ಬದಲಾಯಿಸುವಾಗ ಇಂಜಿನ್ ಬೆಚ್ಚಗಿರಬೇಕು, ಸುಡುವಷ್ಟಲ್ಲ. ಕ್ಲಚ್ ಸಹ ಅದೇ ಆಯಿಲಿನಲ್ಲಿ ಮುಳುಗಿರುವ ವಾಹನಗಳಿಗೆ ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುವ ಸಂಭವವಿದೆ. ಮೈಸೂರಿನ ಕಾರ್ಖಾನೆಯಲ್ಲಿ 1996ರವರೆಗೆ ತಯಾರಾಗುತ್ತಿದ್ದ ಯೆಜ್ಡಿಯಂತಹ ಎರಡು ಸ್ಟ್ರೋಕಿನ ವಾಹನಗಳನ್ನು ಇಂದಿಗೂ ಜೋಪಾನವಾಗಿ ಇಟ್ಟುಕೊಂಡವರಿದ್ದಾರೆ. ಅವುಗಳಲ್ಲಿ ಇಂಜಿನ್ನಿಗೆ ಬೇಕಾದ ಎಣ್ಣೆಯನ್ನು ಪೆಟ್ರೋಲಿನೊಡನೆ ಬೆರೆಸಬೇಕು. ಗೇರ್ ಪೆಟ್ಟಿಗೆಯ ಆಯಿಲ್ ಪ್ರತ್ಯೇಕ.

ಟೈರಿನ ಗಾಳಿಯನ್ನು ವಾಹನ ಓಡಿಸುವ ಮೊದಲು, ಟೈರು ತಣ್ಣಗಿರುವಾಗ ಅಳೆಯಬೇಕು. ಟೈರಿನ ಗೀರುಗಳ ಆಳದಲ್ಲಿರುವ ಸವೆತ ಸೂಚಕ ಉಬ್ಬುಗಳ ಮಟ್ಟಕ್ಕೆ ಮೇಲ್ಮೈ ಬಂದಿದ್ದಲ್ಲಿ ಹೊಸ ಟೈರು ಹಾಕಿಸಿಯೇ ತಪಾಸಣೆಗೆ ತರತಕ್ಕದ್ದು. ಬ್ರೇಕ್ ಡ್ರಮ್ಮಿನ ಹೊರಗಿರುವ ಬಾಣದ ಗುರುತು, ಬ್ರೇಕ್ ಒತ್ತಿದಾಗ ಮಿತಿಯ ಗೆರೆಯನ್ನು ತಲುಪಿದರೆ ಬ್ರೇಕ್ ಶೂ ಸವೆದಿದೆ ಎಂದರ್ಥ. ಬಿಗಿ ಮಾಡಿ ದಿನ ದೂಡುವುದು ಸರಿಯಲ್ಲ. ಡ್ರಮ್ಮಿನೊಳಗಿನ ಧೂಳನ್ನು ಬಾಯಿಂದ ಊದಬಾರದು. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿದೆ, ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ.

ಚಾಸಿಸ್ ಸಂಖ್ಯೆ ಮತ್ತು ನೋಂದಣಿ ಫಲಕ

ತಪಾಸಣೆಗೆ ಮುನ್ನ ಚಾಸಿಸ್ ಸಂಖ್ಯೆ ಸ್ಪಷ್ಟವಾಗಿ ಕಾಣಲೆಂದು ಮರಳು ಕಾಗದದಿಂದ ಉಜ್ಜುವವರಿದ್ದಾರೆ. ಹೀಗೆ ಉಜ್ಜಿದಾಗ ಅಂಕಿಗಳೇ ಸವೆದು, ಸಂಖ್ಯೆಯನ್ನು ತಿದ್ದಲಾಗಿದೆಯೇ ಎಂಬ ಸಂಶಯಕ್ಕೆ ಎಡೆಯಾಗುತ್ತದೆ. ಪ್ರಾಮಾಣಿಕ ಮಾಲೀಕರು ಕೇವಲ ಶ್ರದ್ಧೆಯಿಂದಾಗಿ ಇಂತಹ ತೊಂದರೆಗೆ ಸಿಲುಕುವುದು ವಿಷಾದಕರ. ಸೀಮೆಎಣ್ಣೆ ಅಥವಾ ಡೀಸೆಲ್ ಸವರಿದ ಬಟ್ಟೆಯಿಂದ ಒರೆಸಿದರೆ ಸಾಕು. ಬಣ್ಣ ಹೊಡೆಸುವಾಗ ಸಂಖ್ಯೆಯ ಮೇಲೆ ಬಣ್ಣ ಬೀಳದಂತೆ ನೋಡಿಕೊಳ್ಳಬೇಕು. ಬಣ್ಣವೂ ನೋಂದಣಿ ಪ್ರಮಾಣ ಪತ್ರದಲ್ಲಿ ನಮೂದಾಗಿರುವ ವಿವರವೇ ಆಗಿರುವುದರಿಂದ ಅದೇ ಬಣ್ಣವನ್ನು ಉಳಿಸಿಕೊಳ್ಳುವುದು ಸೂಕ್ತ. ಅತಿ ಸುರಕ್ಷಿತ ನೋಂದಣಿ ಫಲಕದ ಲಾಕನ್ನು ಬಿಚ್ಚಿದರೆ ಅದು ಮುರಿಯುತ್ತದೆ, ಮತ್ತೆ ಬಳಸಲಾಗದು. ಹಿಂಬದಿಯ ಮಡ್‌ಗಾರ್ಡ್ ಕಳಚುವಾಗ ಈ ಎಚ್ಚರಿಕೆ ಇರಲಿ.

ಮಾರ್ಪಾಡು

ಸವೆದ ಭಾಗದ ಜಾಗದಲ್ಲಿ ಅದೇ ಮಾದರಿಯ ಭಾಗವನ್ನು ಹಾಕುವುದು ನಿರ್ವಹಣೆ. ತಯಾರಕರು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಬದಲಾಯಿಸುವುದನ್ನು ಅಧಿನಿಯಮದ 52ನೇ ಪ್ರಕರಣವು ನಿಷೇಧಿಸುತ್ತದೆ. ಸರ್ವೋಚ್ಚ ನ್ಯಾಯಾಲಯವೂ 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಂತೆ ಇಂತಹ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗಿನ ಕಾರಾವಾಸ, ಇಲ್ಲವೆ ಎರಡನ್ನೂ ವಿಧಿಸಬಹುದಾಗಿದೆ. ಇಂಜಿನ್ ಬದಲಾವಣೆಗೆ ನೋಂದಣಿ ಪ್ರಾಧಿಕಾರದ ಅನುಮತಿ ಬೇಕು. ಕರ್ಕಶ ಸದ್ದಿನ ಸೈಲೆನ್ಸರ್ ಮತ್ತು ಹಲವು ಸ್ವರಗಳ ಹಾರ್ನ್ ಅಳವಡಿಸುವಂತಿಲ್ಲ.

ಯುವಕರು ಅಂದಕ್ಕಾಗಿ ತೆಗೆದುಹಾಕುವ ಸೀರೆ ಗಾರ್ಡ್ ಮತ್ತು ಹಿಂಬದಿ ಸವಾರರ ಹಿಡಿಕೆಯನ್ನು ಇಲ್ಲಿ ವಿಶೇಷವಾಗಿ ಹೇಳಬೇಕಾಗಿದೆ. ಕೇಂದ್ರ ಮೋಟಾರು ವಾಹನಗಳ ನಿಯಮಾವಳಿ, 1989ರ 123ನೇ ನಿಯಮದಂತೆ ಹಿಡಿಕೆ, ಪಾದ ಇಡುವ ಆಸರೆ ಹಾಗೂ ಹಿಂಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆ ಕಡ್ಡಾಯ. ಸೆರಗು ಅಥವಾ ದುಪಟ್ಟಾ ಚಕ್ರಕ್ಕೆ ಸುತ್ತಿಕೊಂಡಾಗ ಹಿಂದೆ ಕುಳಿತವರು ರಸ್ತೆಗೆ ಬೀಳುತ್ತಾರೆ. ಹಾಗೆ ಬೀಳುವವರು ಸಾಮಾನ್ಯವಾಗಿ ಗಾರ್ಡ್ ತೆಗೆಸಿದವರ ಮನೆಯವರೇ ಆಗಿರುತ್ತಾರೆ.

ಬದಲಾಯಿಸಿದ ಹಳೆಯ ಆಯಿಲನ್ನು ಚರಂಡಿಗೆ ಅಥವಾ ಮಣ್ಣಿಗೆ ಸುರಿಯಬಾರದು. ಡಬ್ಬಿಯಲ್ಲಿ ತುಂಬಿ ಹಳೆಯ ಆಯಿಲ್ ಸಂಗ್ರಹಿಸುವ ಸರ್ವಿಸ್ ಕೇಂದ್ರಕ್ಕೆ ನೀಡತಕ್ಕದ್ದು. ಹಳೆಯ ಬ್ಯಾಟರಿಯನ್ನು ಹೊಸದನ್ನು ಕೊಳ್ಳುವ ಅಂಗಡಿಯಲ್ಲಿಯೇ ಹಿಂದಿರುಗಿಸಬೇಕು. ಕೆಲಸ ಮಾಡಿದ ದಿನಾಂಕ, ಓಡಿದ ಕಿಲೋಮೀಟರ್ ಮತ್ತು ತಗುಲಿದ ವೆಚ್ಚವನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು ಅನುಕೂಲ. ಮುಂದಿನ ಆಯಿಲ್ ಬದಲಾವಣೆ ಯಾವಾಗ ಎಂಬುದು ಅದರಿಂದ ತಿಳಿಯುತ್ತದೆ. ವಾಹನವನ್ನು ಮಾರುವಾಗ ಕೊಳ್ಳುವವರಿಗೂ ತೋರಿಸಬಹುದು.