ಪಾಳಣಾಘರ್ ಕೊಳ್ಳುವ ಮುನ್ನ ಬಲ್ಲವರನ್ನು ಕೇಳಿ

ಠಾಕುರ್ಲಿ: ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಠಾಕುರ್ಲಿ ಪೂರ್ವದ ಯಾವುದೇ ಸೊಸೈಟಿಯ ಗೇಟಿನ ಬಳಿ ನಿಂತರೂ ಕಾಣುವ ದೃಶ್ಯ ಒಂದೇ. ಒಂದು ಕೈಯಲ್ಲಿ ಡಬ್ಬಿಯ ಚೀಲ, ಸೊಂಟದ ಮೇಲೆ ನಿದ್ದೆಗಣ್ಣಿನ ಮಗು, ಕಣ್ಣು ಗಡಿಯಾರದ ಮೇಲೆ. ಫಾಸ್ಟ್ ಲೋಕಲ್‌ಗಳು ಇಲ್ಲಿ ನಿಲ್ಲುವುದಿಲ್ಲ. ಸ್ಲೋ ಗಾಡಿ ಹಿಡಿದು ಮುಂಬಯಿಗೆ ದುಡಿಯಲು ಹೋದ ತಾಯಿ ಮರಳಿ ಮನೆ ಸೇರುವಾಗ ಹನ್ನೆರಡು ಗಂಟೆ ಕಳೆದಿರುತ್ತದೆ. ಊರಿನಿಂದ ಅಜ್ಜಿ ಬಂದು ಮಗು ನೋಡಿಕೊಳ್ಳುವ ಕಾಲ ಬಹುತೇಕ ಮನೆಗಳಲ್ಲಿ ಮುಗಿದಿದೆ. ಉಳಿದಿರುವುದು ಪಾಳಣಾಘರ್.

ಈ ಮರಾಠಿ ಹೆಸರೇ ನಮ್ಮ ಮನೆಗಳಲ್ಲೂ ಬಳಕೆಯಲ್ಲಿದೆ. ಕರ್ನಾಟಕ ಸರಕಾರ ಗ್ರಾಮ ಪಂಚಾಯತ್‌ಗಳಲ್ಲಿ ತೆರೆದ ಇಂತಹ ಕೇಂದ್ರಗಳಿಗೆ ‘ಕೂಸಿನ ಮನೆ’ ಎಂಬ ಚಂದದ ಹೆಸರಿಟ್ಟಿದೆ. ಆದರೆ ಇಲ್ಲಿ ಆ ಹೆಸರು ಹೇಳಿದರೆ ರಿಕ್ಷಾದವನಿಗೆ ತಿಳಿಯದು.

ಪಾಳಣಾಘರ್ ನಡೆಸುವವರು ಹೆಚ್ಚಾಗಿ ಗೃಹಿಣಿಯರು. ವಯಸ್ಸಾದಾಗ, ಮಗನ ಜೊತೆ ಪುಣೆಗೋ ಬೆಂಗಳೂರಿಗೋ ಹೋಗಬೇಕಾದಾಗ ಅದನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದುಂಟು. ಗಮನಿಸಬೇಕಾದ ವಿಚಾರ ಇಲ್ಲೇ ಇದೆ. ಒಂದು ಹೋಟೆಲನ್ನು ಕಂಡಕ್ಟಿಂಗ್‌ಗೆ ತೆಗೆದುಕೊಳ್ಳುವಾಗ ನಮ್ಮವರು ಎಷ್ಟು ಜಾಗ್ರತೆ ವಹಿಸುತ್ತಾರೆಂದು ಎಲ್ಲರಿಗೂ ಗೊತ್ತು. ಗಲ್ಲಾದ ಪಕ್ಕ ಕುಳಿತು ವ್ಯಾಪಾರ ನೋಡುತ್ತಾರೆ, ಹಾಲಿನವನ ಬಾಕಿ ಕೇಳುತ್ತಾರೆ, ವಕೀಲರಿಗೆ ಕಾಗದ ತೋರಿಸುತ್ತಾರೆ. ಅದೇ ಮನೆಯ ಹೆಣ್ಣುಮಗಳು ಪಾಳಣಾಘರ್ ಕೊಳ್ಳುವಾಗ ಮಾತ್ರ ‘ಪಕ್ಕದ ವಿಂಗಿನ ಆಂಟಿ ಅಲ್ವಾ, ಮೋಸ ಮಾಡ್ತಾರಾ’ ಎನ್ನುವಲ್ಲಿಗೆ ವಿಚಾರಣೆ ಮುಗಿಯುತ್ತದೆ. ಆಂಟಿ ಮೋಸ ಮಾಡದಿರಬಹುದು. ಆದರೆ ಆಂಟಿ ನಿಜವಾಗಿ ಏನನ್ನು ಮಾರುತ್ತಿದ್ದಾರೆ ಎಂಬುದು ಆಂಟಿಗೂ ಗೊತ್ತಿರುವುದಿಲ್ಲ.

ಒಂದು ಲೆಕ್ಕ ನೋಡೋಣ. ಇಪ್ಪತ್ತೆರಡು ಮಕ್ಕಳು, ತಿಂಗಳಿಗೆ ತಲಾ 4,000 ರೂಪಾಯಿ ಫೀ ಎಂದಿಟ್ಟುಕೊಳ್ಳಿ. ಬರುವುದು 88,000. ಜಾಗದ ಬಾಡಿಗೆ 22,000, ಇಬ್ಬರು ಆಯಾ ಮತ್ತು ಅಡುಗೆಯವಳ ಸಂಬಳ 36,000, ಲೈಟ್ ಬಿಲ್ಲು, ಗ್ಯಾಸ್, ಹಾಲು, ಇತರ 10,000. ಒಟ್ಟು ಖರ್ಚು 68,000. ಕೈಯಲ್ಲಿ ಉಳಿಯುವುದು 20,000. ಇದಕ್ಕೆ ಆರು ಲಕ್ಷ ಕೇಳುತ್ತಾರೆಂದರೆ ಮೂವತ್ತು ತಿಂಗಳ ಉಳಿಕೆಯನ್ನು ಮುಂಗಡವಾಗಿ ಕೊಟ್ಟಂತಾಯಿತು. ಆ 20,000ದಲ್ಲಿ ಮಾರುವವರು ಬೆಳಿಗ್ಗೆ ಏಳರಿಂದ ರಾತ್ರಿ ಎಂಟರ ತನಕ ದುಡಿದ ಸ್ವಂತ ಕೂಲಿಯೂ ಸೇರಿದೆ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಮಕ್ಕಳ ಸಂಖ್ಯೆ ಹದಿನೇಳಕ್ಕೆ ಇಳಿದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹದಿನೈದಾದರೆ ತಿಂಗಳಿಗೆ 8,000 ಕೈಯಿಂದ ಹಾಕಬೇಕು.

ಇಳಿಯುವುದು ಅಪರೂಪವೇನಲ್ಲ. ಜೂನ್ ಬಂತೆಂದರೆ ದೊಡ್ಡ ಮಕ್ಕಳು ಶಾಲೆ ಸೇರುತ್ತಾರೆ. ಆದ್ದರಿಂದ ಫೆಬ್ರವರಿಯ ರಿಜಿಸ್ಟರ್ ನೋಡಿ ಬೆಲೆ ಕಟ್ಟುವುದು ತಪ್ಪು. ಕಳೆದ ಎರಡು ವರ್ಷಗಳ ಜೂನ್, ಜುಲೈ ಪುಟಗಳನ್ನು ತೆರೆಯಬೇಕು. ಹೆತ್ತವರು ಕೊಟ್ಟ ಡಿಪಾಸಿಟ್ ಎಷ್ಟು, ಅದು ಯಾರ ಬಳಿ ಇದೆ ಎಂದೂ ಕೇಳಬೇಕು. ಇಪ್ಪತ್ತೆರಡು ಮಂದಿಯಿಂದ ತಲಾ ಒಂದು ತಿಂಗಳ ಫೀ ಪಡೆದಿದ್ದರೆ 88,000 ರೂಪಾಯಿ ಸಾಲ ಕೊಂಡವರ ತಲೆಗೆ ಬರುತ್ತದೆ. ಇದನ್ನೆಲ್ಲ ತಾಳೆ ನೋಡಲು ಚಾರ್ಟರ್ಡ್ ಅಕೌಂಟೆಂಟರು ಬೇಕು. ಜಿಎಸ್‌ಟಿ ವಿಷಯವನ್ನೂ ಅವರನ್ನೇ ಕೇಳುವುದು ಒಳ್ಳೆಯದು. ಸೇವೆಗಳಿಗೆ ವರ್ಷಕ್ಕೆ 20 ಲಕ್ಷದವರೆಗಿನ ವಹಿವಾಟಿಗೆ ಸಾಮಾನ್ಯವಾಗಿ ನೋಂದಣಿ ಬೇಡವಾದರೂ, ನರ್ಸರಿಗಿರುವ ವಿನಾಯಿತಿ ಬರೀ ಮಗು ನೋಡಿಕೊಳ್ಳುವ ಕೆಲಸಕ್ಕೂ ಸಿಗುತ್ತದೆಂದು ತಾವೇ ತೀರ್ಮಾನಿಸಿಕೊಳ್ಳುವುದು ಅಪಾಯ.

ಎರಡನೆಯವರು ವಕೀಲರು. ಇಲ್ಲಿನ ಪಾಳಣಾಘರ್‌ಗಳು ಬಹಳಷ್ಟು ಬಾಡಿಗೆ ಫ್ಲ್ಯಾಟುಗಳಲ್ಲಿವೆ. ಹನ್ನೊಂದು ತಿಂಗಳ ಲೀವ್ ಆಂಡ್ ಲೈಸೆನ್ಸ್ ಕರಾರು ಮಾರುವವರ ಹೆಸರಿನಲ್ಲಿರುತ್ತದೆ. ವ್ಯವಹಾರ ಕೊಂಡ ಮಾತ್ರಕ್ಕೆ ಆ ಜಾಗ ನಿಮ್ಮ ಪಾಲಿಗೆ ಬರುವುದಿಲ್ಲ. ಫ್ಲ್ಯಾಟಿನ ಮಾಲಕರು ಹೊಸ ಕರಾರಿಗೆ ಒಪ್ಪದಿದ್ದರೆ ಆರು ಲಕ್ಷ ಕೊಟ್ಟು ನೀವು ಕೊಂಡದ್ದು ನಾಲ್ಕು ತೊಟ್ಟಿಲು ಮತ್ತು ಗೋಡೆಯ ಮೇಲಿನ ಮಿಕ್ಕಿಮೌಸ್ ಮಾತ್ರ. ಮಹಾರಾಷ್ಟ್ರದ 1999ರ ಬಾಡಿಗೆ ನಿಯಂತ್ರಣ ಕಾಯಿದೆಯ ಪ್ರಕಾರ ಈ ಕರಾರು ಲಿಖಿತವಾಗಿದ್ದು ನೋಂದಣಿಯಾಗಲೇಬೇಕು. ಸೊಸೈಟಿ ಕಮಿಟಿಯ ಲಿಖಿತ ಒಪ್ಪಿಗೆಯನ್ನೂ ನೋಡಬೇಕು. ಹಳೆಯ ಕಾರ್ಯದರ್ಶಿ ಬಾಯಲ್ಲಿ ಕೊಟ್ಟ ಅನುಮತಿ ಹೊಸ ಕಮಿಟಿ ಬಂದ ದಿನ ಮುಗಿಯುತ್ತದೆ. ಗುಮಾಸ್ತಾ ಕಾಗದ, ಊಟ ಕೊಡುವುದಾದರೆ ಆಹಾರ ಸುರಕ್ಷತೆಯ ನೋಂದಣಿ, ಇವೂ ಹೊಸಬರ ಹೆಸರಿಗೆ ಆಗಬೇಕು.

ಜಾಗವನ್ನೇ ಕೊಳ್ಳುವುದಾದರೆ ಕಟ್ಟಡದ ಕಾಗದಪತ್ರವನ್ನು ಇನ್ನಷ್ಟು ನಿಷ್ಠುರವಾಗಿ ಪರಿಶೀಲಿಸಬೇಕು. ಕಲ್ಯಾಣ್-ಡೊಂಬಿವಲಿ ಮಹಾನಗರ ಪಾಲಿಕೆಯ ನಕಲಿ ಪರವಾನಗಿ ತೋರಿಸಿ ಮಹಾರೇರಾ ನೋಂದಣಿಯನ್ನೂ ಪಡೆದ 65 ಕಟ್ಟಡಗಳನ್ನು ಕೆಡಹುವಂತೆ 2024ರ ನವೆಂಬರ್‌ನಲ್ಲಿ ಮುಂಬಯಿ ಹೈಕೋರ್ಟ್ ಆದೇಶಿಸಿದ್ದನ್ನು ಈ ಭಾಗದವರು ಮರೆತಿರಲಾರರು. 2015ರ ಜುಲೈಯಲ್ಲಿ ಠಾಕುರ್ಲಿಯಲ್ಲೇ ಹಳೆಯ ಕಟ್ಟಡವೊಂದು ಕುಸಿದು ಜನ ಸತ್ತಿದ್ದರು. ಇಪ್ಪತ್ತು ಮಕ್ಕಳನ್ನು ಮಲಗಿಸುವ ಕೋಣೆಯ ಸ್ಲ್ಯಾಬ್ ಸೋರುತ್ತಿದ್ದರೆ ಪೈಂಟ್ ಹೊಡೆಸಿದ್ದನ್ನು ನೋಡಿ ಸಮಾಧಾನ ಪಡದೆ ಸ್ಟ್ರಕ್ಚರಲ್ ಇಂಜಿನಿಯರರನ್ನು ಕರೆಸಬೇಕು.

ದಲ್ಲಾಲಿಯನ್ನು ಈ ತಜ್ಞರ ಸಾಲಿಗೆ ಸೇರಿಸುವಂತಿಲ್ಲ. ವ್ಯವಹಾರ ಕುದುರಿದರೆ ಮಾತ್ರ ಆತನಿಗೆ ಕಮಿಷನ್. ಕೊಳ್ಳಬೇಡಿ ಎಂದು ಹೇಳಿಯೂ ತನ್ನ ಫೀಸು ಪಡೆಯುವವನ ಸಲಹೆಗೇ ಬೆಲೆ.

ಹಣದ ವಿಚಾರ. ಮಕ್ಕಳ ಪಾಲನೆಯೂ ಸೇವಾ ವ್ಯವಹಾರವಾದ್ದರಿಂದ 2015ರಲ್ಲಿ ಆರಂಭವಾದ ಮುದ್ರಾ ಯೋಜನೆಯಲ್ಲಿ 10 ಲಕ್ಷದವರೆಗೆ ಅಡಮಾನವಿಲ್ಲದೆ ಸಾಲ ಕೇಳಬಹುದು. ಬ್ಯಾಂಕ್ ಕೇಳುವ ಲೆಕ್ಕಪತ್ರ, ಪಾಸ್‌ಬುಕ್ ನಕಲು, ರಿಟರ್ನ್‌ಗಳನ್ನು ಕೊಡಲು ಮಾರುವವರು ಹಿಂದೆಮುಂದೆ ನೋಡಿದರೆ ಅದೇ ಒಂದು ಉತ್ತರ. ಅಂತಹ ಹೊತ್ತಿನಲ್ಲಿ ಬ್ಯಾಂಕಿಗೆ ಬೈದು ಗಂಡನ ಪಿಎಫ್ ಹಣವನ್ನೋ ಕರಿಮಣಿ ಬಿಟ್ಟು ಉಳಿದ ಬಂಗಾರವನ್ನೋ ಒಯ್ದು ಕೊಡುವವರೇ ಹೆಚ್ಚು. ಎರಡು ಲಕ್ಷ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯುವುದಕ್ಕೆ 2017ರಿಂದ ನಿರ್ಬಂಧವಿದ್ದು, ದಂಡ ಪಡೆದವರ ಮೇಲೆ ಬೀಳುತ್ತದೆ. ಮಾರುವವರಿಗೂ ಇದು ತಿಳಿದಿರಲಿ. ಉದ್ಯಮ್ ನೋಂದಣಿಗೆ ಸರಕಾರಿ ಶುಲ್ಕವಿಲ್ಲ. ಮಾಡಿಸಿಕೊಡುತ್ತೇನೆಂದು ಸಾವಿರ ರೂಪಾಯಿ ಕೀಳುವವರಿದ್ದಾರೆ.

ಪೂರ್ತಿ ಹಣವನ್ನು ಒಂದೇ ಸಲ ಕೊಡದಿರುವುದು ಇಬ್ಬರಿಗೂ ಕ್ಷೇಮ. ಈ ವ್ಯವಹಾರದಲ್ಲಿ ಬೆಲೆಬಾಳುವುದು ಹೆತ್ತವರ ನಂಬಿಕೆ, ಅದು ಹೆಚ್ಚಾಗಿ ಅಂಟಿಕೊಂಡಿರುವುದು ಆಯಾಳಿಗೆ. ಆಕೆ ಎದುರು ಕಟ್ಟಡದಲ್ಲಿ ತನ್ನದೇ ತೆರೆದರೆ ಅರ್ಧ ಮಕ್ಕಳು ಅಲ್ಲಿಗೆ ಹೋಗುತ್ತಾರೆ. ಹಳೆಯ ಮಾಲಕಿ ಕನಿಷ್ಠ ಒಂದು ತಿಂಗಳು ಜೊತೆಗಿದ್ದು ಹೆತ್ತವರಿಗೆ ಹೊಸಬರನ್ನು ಪರಿಚಯಿಸುವುದು, ಮೂರು ತಿಂಗಳ ಬಳಿಕ ಉಳಿದ ಮಕ್ಕಳನ್ನು ಎಣಿಸಿ ಬಾಕಿ ಕಂತು ಕೊಡುವುದು, ಇವನ್ನು ವಕೀಲರು ಕರಾರಿನಲ್ಲಿ ಸೇರಿಸಬಲ್ಲರು. ಮಾರುವವರು ಹೆತ್ತವರಿಗೆ ಮುಂಚಿತವಾಗಿ ತಿಳಿಸದೆ ಒಂದು ಸೋಮವಾರ ಬಾಗಿಲಲ್ಲಿ ಬೇರೆ ಮುಖ ನಿಲ್ಲಿಸುವುದು ಸರಿಯಲ್ಲ. ಮಗುವಿಗಂತೂ ಅದು ಅರ್ಥವೇ ಆಗದು.

ನಡೆಸುವ ವಿಚಾರಕ್ಕೆ ಬಂದರೆ ಲೆಕ್ಕಕ್ಕಿಂತ ದೊಡ್ಡದು ಇನ್ನೊಂದಿದೆ. 2016ರ ನವೆಂಬರ್‌ನಲ್ಲಿ ನವಿಮುಂಬಯಿಯ ಖಾರ್‌ಘರ್‌ನ ಕೇಂದ್ರವೊಂದರಲ್ಲಿ ಹತ್ತು ತಿಂಗಳ ಹಸುಳೆಯನ್ನು ಆಯಾ ಹೊಡೆದದ್ದು ಸಿಸಿಟಿವಿಯಲ್ಲಿ ಕಂಡುಬಂದಾಗ ಪೊಲೀಸರು ಆಯಾಳ ಜೊತೆ ಮಾಲಕಿಯನ್ನೂ ಬಂಧಿಸಿದ್ದರು. ಆಯಾಗಳ ಪೊಲೀಸ್ ಪರಿಶೀಲನೆ ಮಾಡಿಸದೆ ಬಾಗಿಲು ತೆರೆಯಲೇಬಾರದು. ಕಂಪೆನಿಗಳ ಶಿಶುಪಾಲನಾ ಕೇಂದ್ರಗಳಿಗಾಗಿ ಕೇಂದ್ರ ಸರಕಾರ 2018ರಲ್ಲಿ ಹೊರಡಿಸಿದ ಮಾರ್ಗಸೂಚಿ ಮನೆಯಲ್ಲಿ ನಡೆಸುವವರಿಗೂ ಒಳ್ಳೆಯ ಅಳತೆಗೋಲು. ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ಒಬ್ಬ ಕಾರ್ಯಕರ್ತೆ, ಪ್ರತಿ ಮಗುವಿಗೆ 10ರಿಂದ 12 ಚದರಡಿ ಜಾಗ ಎಂದು ಅದು ಹೇಳುತ್ತದೆ. ಇಲ್ಲಿ ಸಲಹೆಗೆ ಸಿಎ ಸಾಲದು. ನಿವೃತ್ತ ಅಂಗನವಾಡಿ ಕಾರ್ಯಕರ್ತೆಯೋ ಮಕ್ಕಳ ಡಾಕ್ಟರೋ ಅರ್ಧ ದಿನ ಬಂದು ಕುಳಿತು ನೋಡಿದರೆ ಮಾಲಕಿಗೆ ಕಾಣದ್ದು ಅವರಿಗೆ ಕಾಣುತ್ತದೆ.

ಠಾಕುರ್ಲಿ, ಡೊಂಬಿವಲಿಯಲ್ಲಿ ನಮ್ಮವರಲ್ಲೇ ಸಿಎಗಳು, ವಕೀಲರು, ಇಂಜಿನಿಯರರು ಸಾಕಷ್ಟಿದ್ದಾರೆ. ಡೊಂಬಿವಲಿ ಕರ್ನಾಟಕ ಸಂಘ ಇಲ್ಲಿ ಮಂಜುನಾಥ ವಾಣಿಜ್ಯ ಕಾಲೇಜನ್ನೇ ಕಟ್ಟಿದೆ. ಸಂಘ ಸಂಸ್ಥೆಗಳ ಮಹಿಳಾ ವಿಭಾಗಗಳು ಹಳದಿ ಕುಂಕುಮದ ನಡುವೆ ತಿಂಗಳಿಗೊಂದು ಭಾನುವಾರ ಇವರನ್ನು ಕೂರಿಸಿದರೆ, ಕಾಗದ ಹಿಡಿದು ಬರುವವರು ಖಂಡಿತ ಇದ್ದಾರೆ.

ಕೊಳ್ಳುವವರು ಕೇಳಬೇಕಾದ ಇನ್ನೊಂದು ಪ್ರಶ್ನೆ ಯಾವ ಕಾಗದದಲ್ಲೂ ಇರುವುದಿಲ್ಲ. 2005ರ ಜುಲೈ 26ರಂತಹ ಮಳೆ ಬಂದು ಗಾಡಿಗಳು ನಿಂತು ತಾಯಿ ದಾದರ್‌ನಲ್ಲಿ ಸಿಕ್ಕಿಬಿದ್ದರೆ, ರಾತ್ರಿ ಆ ಮಗುವಿಗೆ ಹಾಲು ಕಾಯಿಸಿ ಕೊಡಲು ಯಾರು ಉಳಿಯುತ್ತಾರೆ? ಆ ಹೆಸರನ್ನೂ ಆಕೆಯ ಫೋನ್ ನಂಬರನ್ನೂ ಮೊದಲೇ ಬರೆಸಿಕೊಳ್ಳಬೇಕು.