ಖಳನ ಬಂಟ

ಕಥೆ ಕಟ್ಟುವವರೆಲ್ಲರಿಗೂ ಖಳನ ಮೇಲೆ ಒಂದು ಬಗೆಯ ಮೋಹ. ಅವನ ಮೀಸೆ, ಅವನ ಅಟ್ಟಹಾಸ, ಅವನ ಸಿಂಹಾಸನ, ಇವನ್ನು ವರ್ಣಿಸುವುದರಲ್ಲಿ ಹೇಳುವವನಿಗೂ ಸಂತೋಷ, ಕೇಳುವವನಿಗೂ ಸಂತೋಷ. ಆದರೆ ಖಳನೊಬ್ಬನೇ ಯಾವ ಕೇಡನ್ನೂ ಪೂರೈಸಲಾರನೆಂಬುದನ್ನು ನಾವು ಮರೆಯುತ್ತೇವೆ. ಅರಗಿನ ಮನೆ ಕಟ್ಟಿಸಲು ಒಬ್ಬ ಬೇಕು. ಅಂತಃಪುರದ ಬಾಗಿಲಿಗೆ ಹೋಗಿ ಕರೆಯಲು ಒಬ್ಬ ಬೇಕು. ಸಾಲಗಾರನ ಬೆನ್ನುಹತ್ತಿ ನಡೆಯಲು ಒಬ್ಬ ಬೇಕು. ಈ ಒಬ್ಬನ ಕಡೆಗೆ ಯಾರೂ ಕಣ್ಣೆತ್ತಿ ನೋಡುವುದಿಲ್ಲ. ಪಾತ್ರವರ್ಗದ ಪಟ್ಟಿಯಲ್ಲಿ ಅವನದು ಕಟ್ಟಕಡೆಯ ಸಾಲು. ಬಹಳ ಸಲ ಹೆಸರೂ ಇಲ್ಲದೆ, ಬರಿಯ ‘ಸೇವಕ’.

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಕಡೆ ಪೌರಾಣಿಕ ನಾಟಕವಾಡುವ ಪದ್ಧತಿಯನ್ನು ಬಲ್ಲವರಿಗೆ ಇದು ಹೊಸ ಮಾತಲ್ಲ. ಊರಿನವರೇ ಕಲೆತು, ಹಾರ್ಮೋನಿಯಂ ಮೇಷ್ಟರೊಬ್ಬರನ್ನು ಗೊತ್ತುಮಾಡಿಕೊಂಡು, ತಿಂಗಳುಗಟ್ಟಲೆ ಅಭ್ಯಾಸ ನಡೆಸಿ ‘ಕುರುಕ್ಷೇತ್ರ’ವನ್ನು ಆಡುತ್ತಾರೆ. ಇಲ್ಲಿ ನಟನಿಗೆ ಸಂಭಾವನೆಯಿಲ್ಲ. ನಟನೇ ತನ್ನ ಪಾತ್ರಕ್ಕೆ ಹಣ ತೆರುತ್ತಾನೆ. ಕೃಷ್ಣ, ದುರ್ಯೋಧನ, ಭೀಮ ಮುಂತಾದ ಪಾತ್ರಗಳಿಗೆ ಬೆಲೆ ಹೆಚ್ಚು. ಪಾತ್ರ ಕಿರಿದಾದಂತೆ ಬೆಲೆಯೂ ಇಳಿಯುತ್ತದೆ. ದುರ್ಯೋಧನನ ಗದೆಗೆ ಪೈಪೋಟಿಯುಂಟು. ದುರ್ಯೋಧನನ ದೂತನಾಗಲು ಯಾರೂ ಪೈಪೋಟಿ ಮಾಡುವುದಿಲ್ಲ.

ಈ ವಿಚಾರ ನನ್ನ ಮನಸ್ಸಿಗೆ ಬಂದುದು ವಿದ್ಯಾರ್ಥಿಗಳ ಒಂದು ಪ್ರಶ್ನೆಯಿಂದ. ಅವರಲ್ಲಿ ಕೆಲವರು ಈಚೆಗೆ ಒಂದು ಕಥೆಯಾಟದಲ್ಲಿ ತೊಡಗಿದ್ದಾರೆ. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಿಂದ ಹೊರತಂದ ಆಟ ಅದು. ನಾಲ್ಕೈದು ಮಂದಿ ಮೇಜಿನ ಸುತ್ತ ಕುಳಿತುಕೊಳ್ಳುತ್ತಾರೆ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತನಾಡುತ್ತಾರೆ. ಹೊಡೆತ ತಗುಲಿತೆ, ತಪ್ಪಿತೆ ಎಂಬುದನ್ನು ಇಪ್ಪತ್ತು ಮುಖದ ದಾಳವೊಂದು ನಿರ್ಣಯಿಸುತ್ತದೆ. ಕಾಡು, ಕೋಟೆ, ಖಳ, ಖಳನ ಪರಿವಾರ, ಇವನ್ನೆಲ್ಲ ಕಲ್ಪಿಸತಕ್ಕವನು ಕಥೆಗಾರ. ಅವರ ಕಥೆಗಾರ ನನ್ನಲ್ಲಿಗೆ ಬಂದು, “ಖಳ ಚೆನ್ನಾಗಿ ಬಂದಿದ್ದಾನೆ ಸಾರ್, ಅವನ ಬಂಟ ಮಾತ್ರ ಬರುತ್ತಿಲ್ಲ. ಬಂದ ಕೂಡಲೆ ಇವರೆಲ್ಲ ಅವನನ್ನು ಕೊಂದುಹಾಕುತ್ತಾರೆ, ಆಮೇಲೆ ಯಾರಿಗೂ ಅವನ ನೆನಪೇ ಇರುವುದಿಲ್ಲ” ಎಂದ. ದಾಳವಾಡಿ ರಾಜ್ಯ ಕಳೆದುಕೊಂಡ ಕಥೆಯನ್ನು ಕೇಳುತ್ತ ಬೆಳೆದ ನಾಡಿನಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ನಮ್ಮ ಕವಿಗಳು ಕಡೆದಿರುವ ನಾಲ್ವರು ಬಂಟರನ್ನು ಸಾಲಾಗಿ ನಿಲ್ಲಿಸಿ ನೋಡಿದರೆ ಸಾಕು.

ಮೊದಲನೆಯವನು ಪುರೋಚನ. ವಾರಣಾವತದಲ್ಲಿ ಅರಗಿನ ಮನೆಯನ್ನು ಕಟ್ಟಿಸಿದವನು. ದುರ್ಯೋಧನ ಅವನನ್ನು ಏಕಾಂತದಲ್ಲಿ ಕರೆದು, ನಿನ್ನನ್ನಲ್ಲದೆ ಬೇರಾರನ್ನೂ ನಂಬೆನೆಂದು ಹೇಳಿ ಕೆಲಸವನ್ನು ಒಪ್ಪಿಸುತ್ತಾನೆ. ಪುರೋಚನನಿಗೆ ಸಂಶಯವೆಂಬುದಿಲ್ಲ. ತನ್ನನ್ನು ಯಾರಾದರೂ ಅರಿತಿರಬಹುದೆಂಬ ಸಂಶಯವೂ ಇಲ್ಲ, ತಾನು ಮಾಡುತ್ತಿರುವುದು ಸರಿಯೇ ಎಂಬ ಸಂಶಯವೂ ಇಲ್ಲ. ಒಂದು ವರ್ಷ ನಗುನಗುತ್ತ ಪಾಂಡವರ ಉಪಚಾರ ಮಾಡಿಕೊಂಡಿದ್ದು, ಕೊನೆಗೆ ತಾನು ಕಟ್ಟಿಸಿದ ಮನೆಯಲ್ಲಿ ತಾನೇ ಬೆಂದುಹೋಗುತ್ತಾನೆ. ಅವನೊಡನೆ, ಆ ರಾತ್ರಿ ಉಂಡು ಮಲಗಿದ್ದ ಬೇಡರ ಹೆಂಗಸೊಬ್ಬಳು ತನ್ನ ಐವರು ಮಕ್ಕಳ ಸಮೇತ ಬೆಂದುಹೋದಳು. ಅವಳ ಹೆಸರನ್ನು ಕಥೆ ಹೇಳುವುದಿಲ್ಲ. ಪುರೋಚನನ ಸಾವಿಗೆ ನಾವು ಮರುಗುವುದಿಲ್ಲ, ಏಕೆಂದರೆ ಅವನು ಎಲ್ಲಿಯೂ ತಡೆಯಲಿಲ್ಲ. ನನ್ನ ವಿದ್ಯಾರ್ಥಿಗಳು ಕಲ್ಪಿಸುತ್ತಿದ್ದ ಬಂಟರೆಲ್ಲ ಇವನ ಕುಲದವರು. ಕೆಲಸಕ್ಕೆ ಬರುತ್ತಾರೆ, ನೆನಪಿಗೆ ಬರುವುದಿಲ್ಲ.

ಎರಡನೆಯವನು ಮಾರೀಚ. ಇವನು ಖಳನಿಗಿಂತ ಹೆಚ್ಚು ಬಲ್ಲವನು. ವಿಶ್ವಾಮಿತ್ರರ ಯಜ್ಞಕಾಲದಲ್ಲಿ ರಾಮನ ಬಾಣದ ಪೆಟ್ಟಿಗೆ ನೂರು ಯೋಜನ ದೂರದ ಕಡಲಿಗೆ ಹೋಗಿ ಬಿದ್ದವನು. ಅಂದಿನಿಂದ ರತ್ನ, ರಥ ಎಂಬ ಮಾತುಗಳು ಕಿವಿಗೆ ಬಿದ್ದರೂ, ಅವುಗಳ ಮೊದಲ ಅಕ್ಷರಕ್ಕೇ ತನ್ನ ಎದೆ ನಡುಗುತ್ತದೆಂದು ವಾಲ್ಮೀಕಿಯ ಅರಣ್ಯಕಾಂಡದಲ್ಲಿ ಅವನೇ ರಾವಣನಿಗೆ ಹೇಳಿಕೊಳ್ಳುತ್ತಾನೆ. ಬೇಡವೆಂದು ಬುದ್ಧಿ ಹೇಳುತ್ತಾನೆ, ಬೇಡುತ್ತಾನೆ, ಹೆದರಿಸುತ್ತಾನೆ. ರಾವಣ ಕೇಳುವುದಿಲ್ಲ. ಹೋದರೆ ರಾಮನ ಕೈಯಲ್ಲಿ ಸಾವು, ಹೋಗದಿದ್ದರೆ ರಾವಣನ ಕೈಯಲ್ಲಿ ಸಾವು. ಎರಡರಲ್ಲಿ ಒಂದನ್ನು ಆರಿಸಿಕೊಂಡು ಮಾರೀಚ ಹೊನ್ನ ಜಿಂಕೆಯಾಗಿ ಹೊರಡುತ್ತಾನೆ. ಈ ಬಂಟ ಬಂದ ಕೂಡಲೆ ರಾವಣನೂ ಬೆಳೆದುಬಿಡುತ್ತಾನೆಂಬುದನ್ನು ಗಮನಿಸಬೇಕು. ಇಷ್ಟು ತಿಳಿದವನ ಮಾತನ್ನೂ ತಳ್ಳಿಹಾಕುವವನ ಮದ ಎಷ್ಟಿರಬೇಕೆಂದು ನಾವು ಅಳೆಯುವುದು ಮಾರೀಚನ ಭಯದಿಂದಲೇ.

ಮೂರನೆಯವನು ನಕ್ಷತ್ರಿಕ. ರಾಘವಾಂಕನ ಹರಿಶ್ಚಂದ್ರ ಕಾವ್ಯದಿಂದ ಹೊರಟು ನಮ್ಮ ಹಳ್ಳಿಯ ರಂಗದ ಮೇಲೆ ಕುಣಿದು, 1965ರ ‘ಸತ್ಯ ಹರಿಶ್ಚಂದ್ರ’ ಚಲನಚಿತ್ರದಲ್ಲಿ ನರಸಿಂಹರಾಜು ಅವರ ರೂಪದಲ್ಲಿ ಕನ್ನಡಿಗರನ್ನೆಲ್ಲ ನಗಿಸಿದವನು. ವಿಶ್ವಾಮಿತ್ರನ ಸಾಲವನ್ನು ವಸೂಲು ಮಾಡಲು ಹರಿಶ್ಚಂದ್ರನ ಬೆನ್ನಿಗೆ ಬಿದ್ದು ನಡೆಯುವುದು ಅವನ ಕೆಲಸ. ಕತ್ತಿಯಿಲ್ಲ, ಮಾಯೆಯಿಲ್ಲ, ಕೇಳುವುದೊಂದೇ ಅವನ ಆಯುಧ. ಇಂದಿಗೂ ಬಿಡದೆ ಪೀಡಿಸುವವನನ್ನು ನಮ್ಮ ಜನ ನಕ್ಷತ್ರಿಕನೆನ್ನುತ್ತಾರೆ. ಧಣಿಯ ಹೆಸರನ್ನು ಯಾರೂ ಬೈಗುಳವಾಗಿ ಬಳಸಲಿಲ್ಲ. ಆಳಿನ ಹೆಸರು ಗಾದೆಯಾಯಿತು. ನೊಂದವನ ಕಣ್ಣಿಗೆ ಕಾಣುವುದು ಆಜ್ಞೆ ಕೊಟ್ಟವನ ಮುಖವಲ್ಲ, ಬಾಗಿಲಿಗೆ ಬಂದವನ ಮುಖ.

ನಾಲ್ಕನೆಯವನು ಎಲ್ಲರಿಗಿಂತ ಚಿಕ್ಕವನು. ನನ್ನ ಎಣಿಕೆಯಲ್ಲಿ ಎಲ್ಲರಿಗಿಂತ ದೊಡ್ಡವನೂ ಅವನೇ. ಸಭಾಪರ್ವದ ಪ್ರಾತಿಕಾಮಿ. ಆ ಪದ ಹೆಸರಿನಂತೆ ಕೇಳಿಸಿದರೂ ಅದರ ಅರ್ಥ ದೂತ, ಸೇವಕ ಎಂಬುದೇ. ಜೂಜು ಮುಗಿದಿದೆ. ದ್ರೌಪದಿಯನ್ನು ಕರೆತರಲು ವಿದುರ ಒಪ್ಪುವುದಿಲ್ಲ. ಆಗ ದುರ್ಯೋಧನ ಈ ಸೂತನನ್ನು ಕಳಿಸುತ್ತಾನೆ. ದ್ರೌಪದಿ ಬರುವುದಕ್ಕೆ ಬದಲಾಗಿ ಒಂದು ಪ್ರಶ್ನೆಯನ್ನು ಕೊಟ್ಟು ಕಳಿಸುತ್ತಾಳೆ: ಧರ್ಮರಾಯ ಮೊದಲು ಸೋತದ್ದು ತನ್ನನ್ನೋ ನನ್ನನ್ನೋ, ಕೇಳಿಕೊಂಡು ಬಾ. ಅವನು ಹಿಂದಿರುಗಿ, ತುಂಬಿದ ಸಭೆಯ ನಡುವೆ ಆ ಪ್ರಶ್ನೆಯನ್ನು ಅವಳು ಕೇಳಿದಂತೆಯೇ ಒಪ್ಪಿಸುತ್ತಾನೆ. ಅವನು ನುಂಗಿಕೊಳ್ಳಬಹುದಾಗಿತ್ತು, ತಿರುಚಬಹುದಾಗಿತ್ತು. ಹಾಗೆ ಮಾಡಲಿಲ್ಲ. ಭೀಷ್ಮದ್ರೋಣರನ್ನು ತಲೆತಗ್ಗಿಸುವಂತೆ ಮಾಡಿದ ಆ ಪ್ರಶ್ನೆ ಮೊದಲು ಸಭೆಗೆ ಬಂದುದು ಖಳನ ಆಳಿನ ಬಾಯಿಂದ.

ಇಲ್ಲಿಗೆ ಮುಗಿಯುವುದಿಲ್ಲ. ದುರ್ಯೋಧನ ಅವನನ್ನು ಮತ್ತೆ ಕಳಿಸುತ್ತಾನೆ. ಅವನು ಮತ್ತೆ ಹೋಗಿ ಬರುತ್ತಾನೆ. ಮೂರನೆಯ ಸಲ ಹೋಗೆಂದಾಗ ನಿಂತುಬಿಡುತ್ತಾನೆ. ಒಡೆಯನ ಭಯ ಒಂದು ಕಡೆ, ದ್ರೌಪದಿಯ ಕೋಪದ ಭಯ ಒಂದು ಕಡೆ. ಒಡೆಯನ ಕಡೆ ತಿರುಗದೆ, ಸಭಾಸದರ ಕಡೆ ತಿರುಗಿ, ನಾನು ಆಕೆಗೆ ಏನೆಂದು ಹೇಳಲಿ ಎಂದು ಕೇಳುತ್ತಾನೆ. ಅಷ್ಟೇ. ಇವನು ಭೀಮನಿಗೆ ಹೆದರಿದನೆಂದು ಜರೆದು, ದುರ್ಯೋಧನ ದುಶ್ಶಾಸನನನ್ನು ಕಳಿಸುತ್ತಾನೆ. ಪ್ರಾತಿಕಾಮಿ ಕಥೆಯಿಂದ ಮರೆಯಾಗುತ್ತಾನೆ. ಅವನ ತಡೆಯಿಂದ ದ್ರೌಪದಿಯ ಮಾನಭಂಗ ನಿಲ್ಲಲಿಲ್ಲ, ನಿಜ. ಆದರೆ ಆಳಿನಿಂದ ಆಗದ ಕೆಲಸಕ್ಕೆ ರಾಜನ ತಮ್ಮನೇ ಏಳಬೇಕಾಯಿತು. ಕೇಡು ತನ್ನ ಸ್ವಂತ ಕೈಯನ್ನು ಎಲ್ಲರೆದುರಿಗೆ ಚಾಚಬೇಕಾಯಿತು.

ನಮ್ಮ ಸೀಮೆಯ ಮೂಡಲಪಾಯವನ್ನು ಇಲ್ಲಿ ನೆನೆಯಬೇಕು. ಜೀ. ಶಂ. ಪರಮಶಿವಯ್ಯನವರು ಆಸ್ಥೆಯಿಂದ ಅಧ್ಯಯನ ಮಾಡಿದ ಈ ಬಯಲಾಟದಲ್ಲಿ ಸಾರಥಿಯೆಂಬ ಒಂದು ಪಾತ್ರವುಂಟು. ಮುಖವೀಣೆ ಮೊಳಗಿ, ಭುಜಕೀರ್ತಿ ತೊಟ್ಟ ರಕ್ಕಸ ಅಬ್ಬರಿಸುತ್ತ ರಂಗಕ್ಕೆ ಬಂದೊಡನೆ ಸಾರಥಿ ಅವನನ್ನು ಮಾತಿಗೆಳೆಯುತ್ತಾನೆ: ತಾವು ಯಾರು, ಯಾವ ಊರು, ಇಲ್ಲಿಗೆ ಬಂದ ಕಾರಣವೇನು? ರಕ್ಕಸ ಉತ್ತರ ಹೇಳಲೇಬೇಕು; ಹೇಳದೆ ಕಥೆ ಮುಂದುವರಿಯದು. ಆಳಾಗಿ ನಿಂತವನಿಗೆ ದೊರೆಯನ್ನು ಪ್ರಶ್ನಿಸುವ ಅಧಿಕಾರವನ್ನು ನಮ್ಮ ಹಿರಿಯರು ರಂಗದ ನಿಯಮವಾಗಿಯೇ ಇಟ್ಟಿದ್ದರು.

ಇದೆಲ್ಲ ಪುರಾಣವಾಯಿತು, ಆಟವಾಯಿತು ಎಂದು ವಾಚಕರು ಹೇಳಬಹುದು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಪದವಿ ಮುಗಿಸಿದ ಮೇಲೆ, ಸಣ್ಣ ಸಾಲ ಕೊಡುವ ಒಂದು ಸಂಸ್ಥೆಯಲ್ಲಿ ವಸೂಲಿಯ ಕೆಲಸಕ್ಕೆ ಸೇರಿದ. ಅವನ ಪಾಲಿಗೆ ಬಂದುದು ಮಗ್ಗದವರ ಬೀದಿ. ಅಲ್ಲಿಯ ಹೆಂಗಸೊಬ್ಬಳು ಅವನನ್ನು ಬೈಯಲಿಲ್ಲ, ಅಳಲಿಲ್ಲ. ತಾನು ಕಟ್ಟಿದ ಕಂತುಗಳ ಚೀಟಿಯನ್ನು ಮುಂದಿಟ್ಟು, “ತಗೊಂಡಿದ್ದು ಇಷ್ಟು, ಕಟ್ಟಿದ್ದು ಇಷ್ಟು, ಉಳಿದಿದ್ದು ಅಷ್ಟು ಹೇಗಾಯ್ತು ಅಂತ ಕೇಳ್ಕೊಂಡು ಬಾಪ್ಪ” ಎಂದಳಂತೆ. ಅವನು ಕಚೇರಿಗೆ ಹೋಗಿ ಕೇಳಿದ. ಅದು ನಿನ್ನ ಕೆಲಸವಲ್ಲವೆಂದರು. ಮರುವಾರ ಉತ್ತರವಿಲ್ಲದೆ ಅದೇ ಬಾಗಿಲಿಗೆ ಹೋಗಿ ನಿಂತ. ಸಾಲ ವಸೂಲಿಯ ಕಿರುಕುಳ ಮಿತಿಮೀರಿತೆಂದು 2025ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ಸುಗ್ರೀವಾಜ್ಞೆ ಹೊರಟುದು ಎಲ್ಲರಿಗೂ ತಿಳಿದ ಸಂಗತಿ. ಹುಡುಗ ಇನ್ನೂ ಆ ಕೆಲಸದಲ್ಲಿಯೇ ಇದ್ದಾನೆ. ತಂಗಿಯ ಮದುವೆ ಆಗಬೇಕು, ತಂದೆಯ ಔಷಧಿ ನಡೆಯಬೇಕು. ಅವನು ಖಳನಲ್ಲ. ಪ್ರಾತಿಕಾಮಿಯ ಮೊದಲೆರಡು ಪಯಣಗಳನ್ನು ಮುಗಿಸಿದವನು. ಮೂರನೆಯದು ಅವನ ಮುಂದಿದೆ. ಸಭೆಯಲ್ಲಿ ಕುಳಿತಿರುವ ನಾವು ಅಂದು ಏನು ಉತ್ತರ ಹೇಳುವೆವೆಂಬುದೂ ನಮ್ಮ ಮುಂದಿದೆ.

ಆದುದರಿಂದ ಕಥೆಯಾಟದ ಹುಡುಗರಿಗೆ ನಾನು ಹೇಳಿದ್ದು ಇಷ್ಟು. ಬಂಟನಿಗೆ ಕೊಂಬು, ಕೋರೆದಾಡೆ ಇಡುವ ಮೊದಲು ಅವನಿಗೆ ಒಂದು ಮನೆಯನ್ನು ಕೊಡಿ. ಅವನು ಯಾರ ಅನ್ನಕ್ಕಾಗಿ ಈ ಕೆಲಸಕ್ಕೆ ಬಂದನೆಂಬುದು ನಿಮಗೆ ತಿಳಿದಿರಲಿ. ಒಡೆಯನಿಗೆ ತಿಳಿಯದ ಒಂದು ಸಂಗತಿ ಅವನಿಗೆ ತಿಳಿದಿರಲಿ, ಮಾರೀಚನಿಗೆ ತಿಳಿದಿದ್ದಂತೆ. ಅವನ ಕೈಗೆ ಕತ್ತಿಯ ಬದಲು ಒಂದು ಸಂದೇಶವನ್ನು ಕೊಟ್ಟು ಕಳಿಸಿ. ಸಂದೇಶ ತಂದವನನ್ನು ಕೊಲ್ಲುವ ಮುನ್ನ ನಾಯಕರು ಒಂದು ಮಾತನಾದರೂ ಆಡಲೇಬೇಕಾಗುತ್ತದೆ. ಅವನು ನಿಂತುಬಿಡಬಹುದಾದ ಒಂದು ಹೊಸ್ತಿಲನ್ನು ಕಥೆಯಲ್ಲಿ ಎಲ್ಲಾದರೂ ಇಡಿ. ಆ ಹೊಸ್ತಿಲನ್ನು ಅವನು ದಾಟುವನೋ ಇಲ್ಲವೋ ಎಂಬುದನ್ನು ದಾಳಕ್ಕೆ ಬಿಡಬೇಡಿ. ನಾಯಕರು ಅವನೊಡನೆ ಆಡಿದ ಮಾತು ಅದನ್ನು ನಿರ್ಣಯಿಸಲಿ. ಕತ್ತಿಯ ಗುರಿ ದಾಳದ ಅಧೀನ. ಮನಸ್ಸು ದಾಳದ ಅಧೀನವಲ್ಲ.

ಊರ ನಾಟಕದ ಮೇಷ್ಟರುಗಳಲ್ಲಿಯೂ ನನ್ನದೊಂದು ವಿನಂತಿ. ದ್ರೌಪದಿಯ ವಸ್ತ್ರಾಪಹರಣದ ಸನ್ನಿವೇಶವಿರುವ ನಾಟಕವನ್ನು ಆಡಿಸುವಾಗ, ದೂತನ ಪಾತ್ರವನ್ನು ಉಳಿದ ಪಾತ್ರಗಳೆಲ್ಲ ಹಂಚಿಹೋದ ಮೇಲೆ ಮಿಕ್ಕ ಹುಡುಗನ ತಲೆಗೆ ಕಟ್ಟಬೇಡಿ. ತೂಕವರಿತು ನಿಲ್ಲಬಲ್ಲವನಿಗೆ ಕೊಡಿ. ಬೇಕಾದರೆ ಹಣವನ್ನೂ ಕೇಳಬೇಡಿ. ಮೂರನೆಯ ಸಲ ಹೋಗೆಂದಾಗ ಅವನು ಒಂದು ಗಳಿಗೆ ಸುಮ್ಮನೆ ನಿಲ್ಲಲಿ. ಹಾರ್ಮೋನಿಯಂ ಕೂಡ ಆಗ ನಿಂತಿರಲಿ.